ತಕ್ಕಡಿಗೂ ಪಕ್ಷದ ಬಣ್ಣ

ಅಮೆರಿಕದಲ್ಲಿ ಫೆಡರಲ್ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಹುದ್ದೆ ಜೀವನಪರ್ಯಂತ. ಕಾದಾಟದ ಮೂಲ ಇಲ್ಲಿದೆ. 2013ರಲ್ಲಿ ಕೆಳಹಂತದ ಫೆಡರಲ್ ನ್ಯಾಯಾಲಯಗಳ ನೇಮಕಕ್ಕಿದ್ದ 60 ಮತಗಳ ತಡೆಯನ್ನು ಡೆಮಾಕ್ರಟರು ಕಿತ್ತರು; 2017ರಲ್ಲಿ ರಿಪಬ್ಲಿಕನ್ನರು ಸುಪ್ರೀಂ ಕೋರ್ಟಿನ ವಿಷಯದಲ್ಲೂ ಅದನ್ನೇ ಮಾಡಿದರು. 2016ರಲ್ಲಿ ‘ಇದು ಚುನಾವಣೆಯ ವರ್ಷ’ ಎಂಬ ನೆಪವೊಡ್ಡಿ, ಒಬಾಮ ಹೆಸರಿಸಿದ ಮೆರಿಕ್ ಗಾರ್ಲಂಡ್ ಅವರ ಹೆಸರನ್ನು ಚರ್ಚೆಗೇ ಎತ್ತಿಕೊಳ್ಳದವರು, 2020ರಲ್ಲಿ ಚುನಾವಣೆಗೆ 8 ದಿನವಿದ್ದಾಗ ಏಮಿ ಕೋನಿ ಬ್ಯಾರೆಟ್ ಅವರನ್ನು 52-48 ಮತಗಳಿಂದ ಪೀಠಕ್ಕೇರಿಸಿದರು. ಇದನ್ನು ನಿಯಮವೆನ್ನಬೇಕೇ, ಅನುಕೂಲವೆನ್ನಬೇಕೇ?

ಈ ಜಗಳದಲ್ಲಿ ಧರ್ಮವೂ ಸಿಕ್ಕಿಕೊಳ್ಳುತ್ತದೆ. 2023ರಲ್ಲಿ ಬೈಡನ್ ಹೆಸರಿಸಿದ ಅದೀಲ್ ಮಂಗಿ, ಫೆಡರಲ್ ಮೇಲ್ಮನವಿ ನ್ಯಾಯಾಲಯದ ಮೊದಲ ಮುಸ್ಲಿಂ ನ್ಯಾಯಾಧೀಶರಾಗಬೇಕಿತ್ತು. ಸಮಿತಿಯಲ್ಲಿ ರಿಪಬ್ಲಿಕನ್ನರು ಅವರನ್ನು ಪಟ್ಟುಹಿಡಿದು ಕೇಳಿದ್ದು ಹಮಾಸ್ ದಾಳಿಯ ಬಗ್ಗೆ! ಕೆಲವು ಡೆಮಾಕ್ರಟರೂ ಕೈಬಿಟ್ಟರು. ನೇಮಕ ಬಿದ್ದುಹೋಯಿತು.

ಯಾವ ಪಕ್ಷ ಗೆದ್ದಿತೆಂಬುದು ನಮ್ಮ ಚಿಂತೆಯಲ್ಲ. ತೀರ್ಪಿಗೆ ಮುನ್ನವೇ ನ್ಯಾಯಾಧೀಶರ ಪಕ್ಷವನ್ನು ಎಣಿಸಬೇಕಾದರೆ, ಕೋರ್ಟಿನ ಮೆಟ್ಟಿಲೇರುವ ಬಡವ ಯಾರನ್ನು ನಂಬಬೇಕು? ನಾವು ಕೇಳುವುದು ಇಷ್ಟೇ.