ಪೂರ್ವಪಕ್ಷ

ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಚೀಟಿಯೆತ್ತುವ ಪದ್ಧತಿಯೊಂದುಂಟು. ವಿಷಯ ಮೊದಲೇ ಗೊತ್ತಿರುತ್ತದೆ. ಪರವಾಗಿ ಮಾತನಾಡಬೇಕೋ ವಿರೋಧವಾಗಿ ಮಾತನಾಡಬೇಕೋ ಎಂಬುದನ್ನು ಚೀಟಿ ನಿರ್ಧರಿಸುತ್ತದೆ. ಮಾತನಾಡುವವನ ಸ್ವಂತ ಅಭಿಪ್ರಾಯವೇನೆಂದು ಅದು ಕೇಳುವುದಿಲ್ಲ. ಇದು ನಾಲಗೆಯ ಕಸರತ್ತೇ ಹೊರತು ಸತ್ಯದ ಶೋಧನೆಯಲ್ಲವೆಂದು ಮೂಗು ಮುರಿಯುವವರೂ ಉಂಟು. ಆದರೆ ಗುರುಹಿರಿಯರ ಉಪದೇಶದಿಂದ ಆಗದ ಉಪಕಾರ ಒಮ್ಮೊಮ್ಮೆ ಆ ಮಡಿಸಿದ ಕಾಗದದ ಚೂರಿನಿಂದ ಆಗಿಬಿಡುತ್ತದೆ.

ಮೈಸೂರಿನ ಕಾಲೇಜೊಂದರಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದ ಹುಡುಗನೊಬ್ಬನಿಗೆ ಅಂಥದೊಂದು ಚೀಟಿ ಬಂದಿತು. ವಿಷಯ, ಶಿಕ್ಷಣದಲ್ಲಿ ಮೀಸಲಾತಿ ನ್ಯಾಯವಾದುದೇ ಎಂಬುದು. ಅವನ ಚೀಟಿಯಲ್ಲಿದ್ದ ಮಾತು 'ಪರ'. ಓದಿದೊಡನೆ ಅವನ ಮುಖ ಕಪ್ಪಿಟ್ಟಿತು.

ಕಾರಣವಿಲ್ಲದೆ ಇರಲಿಲ್ಲ. ಅವನ ತಂದೆ ಹಾಸನದಲ್ಲಿ ಸಹಕಾರ ಬ್ಯಾಂಕೊಂದರ ಗುಮಾಸ್ತರು. ಯಾವ ಮೀಸಲು ಪಟ್ಟಿಗೂ ಸೇರದ ಮನೆತನ. ಅಕ್ಕ ವೈದ್ಯಳಾಗಬೇಕೆಂದು ಚಿಕ್ಕಂದಿನಿಂದ ಆಸೆಪಟ್ಟವಳು. ಪ್ರವೇಶಪರೀಕ್ಷೆಗೆ ಎರಡು ಸಲ ಕುಳಿತಳು. ಎರಡು ಸಲವೂ ಸರ್ಕಾರಿ ಕಾಲೇಜಿನ ಸೀಟು ಕೂದಲೆಳೆಯಲ್ಲಿ ತಪ್ಪಿತು. ಖಾಸಗಿ ಕಾಲೇಜಿನ ಶುಲ್ಕ ಆ ಮನೆಯ ಕನಸಿಗೂ ಎಟುಕದ ಮೊತ್ತ. ಎರಡನೆಯ ಸಲ ಪಟ್ಟಿ ಹೊರಬಿದ್ದ ಸಂಜೆ ಅವಳು ಅಳಲಿಲ್ಲ. ಓದುವ ಮೇಜಿನ ಮೇಲೆ ತೂಗುಹಾಕಿದ್ದ ಅಸ್ಥಿಪಂಜರದ ಚಿತ್ರಪಟವನ್ನು ಇಳಿಸಿ, ಸುರುಳಿ ಸುತ್ತಿ, ಅಟ್ಟದ ಮೇಲಿಟ್ಟಳು. ತನಗಿಂತ ಕಡಿಮೆ ಅಂಕ ಬಂದವರಿಗೆ ಸೀಟು ದೊರೆತುದು ಆ ಮನೆಗೆ ತಿಳಿದಿತ್ತು. ಅಂದಿನಿಂದ ಮೀಸಲಾತಿಯೆಂಬ ಶಬ್ದ ಕಿವಿಗೆ ಬಿದ್ದಾಗಲೆಲ್ಲ ತಮ್ಮನ ಕಣ್ಣಿಗೆ ಕಟ್ಟುತ್ತಿದ್ದುದು ಆ ಸುರುಳಿಯೇ.

ಆದರೂ ಸ್ಪರ್ಧೆ ಸ್ಪರ್ಧೆಯೇ. ಅವನು ಎರಡು ಪುಟ ಬರೆದು, ಚರ್ಚಾಕೂಟದ ಹೊಣೆ ಹೊತ್ತಿದ್ದ ಕನ್ನಡ ಅಧ್ಯಾಪಕರಿಗೆ ತೋರಿಸಿದನು. ಅವರು ಓದಿ, ಕನ್ನಡಕ ತೆಗೆದು, ನಸುನಕ್ಕರು.

"ಇದೇನಪ್ಪ, ಕಕ್ಷಿಗಾರನನ್ನು ಕಟಕಟೆಯಲ್ಲಿ ನಿಲ್ಲಿಸಿ ಅವನ ವಕೀಲನೇ ಅವನ ಮೇಲೆ ಸಾಕ್ಷಿ ಹೇಳಿದ ಹಾಗಿದೆ!"

ಹುಡುಗ ತಲೆ ತಗ್ಗಿಸಿದನು. ಅಧ್ಯಾಪಕರು ಗದರಿಸಲಿಲ್ಲ. ಬದಲಾಗಿ ಶಾಸ್ತ್ರಗ್ರಂಥಗಳ ಕ್ರಮವೊಂದನ್ನು ವಿವರಿಸಿದರು. ಹಿಂದಿನ ಪಂಡಿತರು ತಮ್ಮ ಸಿದ್ಧಾಂತವನ್ನು ಹೇಳುವ ಮೊದಲು ಎದುರಾಳಿಯ ವಾದವನ್ನು ನಿರೂಪಿಸುತ್ತಿದ್ದರು; ಅದಕ್ಕೆ ಪೂರ್ವಪಕ್ಷವೆಂದು ಹೆಸರು. ಎದುರಾಳಿಯೇ ಬಂದು ಓದಿದರೂ 'ಹೌದು, ನನ್ನ ಮಾತೇ ಇದು' ಎಂದು ತಲೆದೂಗುವಂತಿರಬೇಕು. ಆಮೇಲೆಯೇ ಖಂಡನೆಗೆ ಅಧಿಕಾರ. ವಾಚಸ್ಪತಿ ಮಿಶ್ರನು ಒಂದಕ್ಕೊಂದು ಒಪ್ಪದ ದರ್ಶನಗಳಿಗೆಲ್ಲ ವ್ಯಾಖ್ಯಾನ ಬರೆದನು. ನ್ಯಾಯ, ಸಾಂಖ್ಯ, ಯೋಗ, ಮೀಮಾಂಸೆ, ಅದ್ವೈತ, ಯಾವುದನ್ನು ಬರೆಯುವಾಗಲೂ ಅದರ ಒಳಗಿನವನಾಗಿಯೇ ಬರೆದನೆಂದು ವಿದ್ವಾಂಸರು ಇಂದಿಗೂ ಅವನನ್ನು ಮೆಚ್ಚುತ್ತಾರೆ.

"ನಿನಗೆ ಒಪ್ಪಿಗೆಯಾಗಬೇಕಿಲ್ಲ. ಆದರೆ ಒಪ್ಪಿದವನು ಏಕೆ ಒಪ್ಪಿದನೆಂಬುದು ತಿಳಿಯಬೇಕು. ಮೊದಲು ಪುಸ್ತಕಾಲಯಕ್ಕೆ ಹೋಗು. ಈ ಜಗಳ ನಿನ್ನ ಮನೆಯಲ್ಲಿ ಹುಟ್ಟಿದ್ದಲ್ಲ, ಇದೇ ಊರಿನ ಅರಮನೆಯಲ್ಲಿಯೂ ನಡೆದಿತ್ತು" ಎಂದರು.

ಪುಸ್ತಕಾಲಯದಲ್ಲಿ ಹುಡುಗನಿಗೆ ದೊರೆತುದು 1918ರ ಮೈಸೂರು. ಸಂಸ್ಥಾನದ ಕಚೇರಿಗಳಲ್ಲಿ ಜನಸಂಖ್ಯೆಯಲ್ಲಿ ಅಲ್ಪವಾಗಿದ್ದ ಬ್ರಾಹ್ಮಣ ಸಮುದಾಯದವರೇ ಹೆಚ್ಚಾಗಿ ತುಂಬಿಕೊಂಡಿದ್ದರು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಉಳಿದವರಿಗೂ ಪಾಲು ಬೇಕೆಂದು ಕೇಳಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1919ರಲ್ಲಿ ವರದಿ ಬಂದಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಾಗದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಾಗದಂತೆ ಬ್ರಾಹ್ಮಣೇತರರು ಇರಬೇಕೆಂಬುದು ಅದರಿಂದ ಹೊರಟ ಗುರಿ.

ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಿಲ್ಲ. ಯೋಗ್ಯತೆಯ ಅಳತೆಗೋಲು ಸಡಿಲವಾದರೆ ಆಡಳಿತ ಸೊರಗುವುದೆಂದೂ, ವಿದ್ಯೆಯನ್ನು ಎಲ್ಲರಿಗೂ ಹರಡುವುದೇ ನಿಜವಾದ ಪರಿಹಾರವೆಂದೂ ಅವರ ನಂಬಿಕೆ. ಅದು ಬರಿಯ ಬಾಯಿಮಾತಾಗಿರಲಿಲ್ಲ. ಮುದ್ದೇನಹಳ್ಳಿಯ ಬಡತನದಿಂದ ಬಂದು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿದವರು ಅವರು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದುದು 1916ರಲ್ಲಿ ಅವರ ಕಾಲದಲ್ಲಿಯೇ. ಮಹಾರಾಜರ ನಂಬಿಕೆಯೂ ಹುಸಿಯಲ್ಲ. ಓಟ ಆರಂಭವಾಗುವ ಮೊದಲೇ ಒಬ್ಬನನ್ನು ಕಟ್ಟಿಹಾಕಿ, ಆಮೇಲೆ ಗಡಿಯಾರ ಹಿಡಿದು ವೇಗ ಅಳೆಯುವುದು ರಾಜಧರ್ಮವೇ? ಇಬ್ಬರೂ ಪ್ರಜೆಗಳ ಹಿತವನ್ನೇ ಬಯಸಿದರು. ಇಬ್ಬರ ದಾರಿ ಕವಲೊಡೆಯಿತು. ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟುದಕ್ಕೆ ಈ ಭೇದವೂ ಒಂದು ಕಾರಣವೆಂದು ಚರಿತ್ರಕಾರರು ಹೇಳುತ್ತಾರೆ.

ಹುಡುಗನನ್ನು ತಡೆದು ನಿಲ್ಲಿಸಿದುದು ಅದರ ಮುಂದಿನ ಸಂಗತಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಮುಳುಗುತ್ತಿದ್ದಾಗ, 1923ರಲ್ಲಿ ಸಂಸ್ಥಾನ ಮತ್ತೆ ವಿಶ್ವೇಶ್ವರಯ್ಯನವರನ್ನೇ ಕರೆಯಿತು. ಅವರು ಬಂದು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದುಡಿದರು. ಅಷ್ಟು ದೊಡ್ಡ ಭೇದವೂ ಹಗೆಯಾಗಿ ಬೇರೂರಲಿಲ್ಲ.

ಮುಂದಿನ ನೂರು ವರ್ಷದ ಕಥೆಯೂ ಇದೇ ತಕ್ಕಡಿಯ ತೂಗಾಟ. ಜಾತಿವಾರು ಸೀಟು ಹಂಚುತ್ತಿದ್ದ ಮದರಾಸು ಸರ್ಕಾರದ ಆಜ್ಞೆಯನ್ನು 1951ರಲ್ಲಿ ಸುಪ್ರೀಂ ಕೋರ್ಟು ಅನೂರ್ಜಿತಗೊಳಿಸಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿ ಬಂದು, ಹಿಂದುಳಿದವರಿಗಾಗಿ ವಿಶೇಷ ಏರ್ಪಾಡಿಗೆ ಬಾಗಿಲು ತೆರೆಯಿತು. 1962ರಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ನೂರಕ್ಕೆ 68 ಸೀಟುಗಳನ್ನು ಕಾದಿರಿಸಿದಾಗ, ಬಾಲಾಜಿ ಮೊಕದ್ದಮೆಯಲ್ಲಿ ಅದು ಬಿದ್ದುಹೋಯಿತು. ಸಾಮಾನ್ಯವಾಗಿ ಅರ್ಧವನ್ನು ಮೀರಬಾರದೆಂದು ನ್ಯಾಯಾಲಯ ಹೇಳಿತು. 1992ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಮಿತಿಯನ್ನು ದೃಢಪಡಿಸಿ, ಹಿಂದುಳಿದ ವರ್ಗಗಳಲ್ಲಿಯೇ ಮುಂದೆ ಬಂದ ಕೆನೆಪದರವನ್ನು ಹೊರಗಿಡಬೇಕೆಂದಿತು. ಮೇಲ್ವರ್ಗದ ಬಡವರಿಗಾಗಿ 2019ರಲ್ಲಿ ಮಾಡಿದ ನೂರಕ್ಕೆ 10ರ ಮೀಸಲಾತಿ 2022ರಲ್ಲಿ ವಿಚಾರಣೆಗೆ ಬಂದಾಗ ಐವರಲ್ಲಿ ಮೂವರು ಸರಿಯೆಂದರು, ಇಬ್ಬರು ಸರಿಯಲ್ಲವೆಂದರು. ಒಂದೇ ಸಂವಿಧಾನವನ್ನು ಓದಿ, ಒಂದೇ ಪೀಠದಲ್ಲಿ ಕುಳಿತವರಿಗೇ ನ್ಯಾಯ ಎರಡಾಗಿ ಕಂಡಿತು! ತನ್ನ ಮನೆಯ ಹಜಾರದಲ್ಲಿ ಕುಳಿತು ತಾನು ಎಷ್ಟು ಸುಲಭವಾಗಿ ತೀರ್ಪು ಕೊಟ್ಟಿದ್ದೆನಲ್ಲಾ ಎಂದು ಹುಡುಗನಿಗೆ ನಾಚಿಕೆಯಾಯಿತು.

ಟಿಪ್ಪಣಿಯ ಪುಸ್ತಕ ತುಂಬಿತು. ಆದರೂ ಭಾಷಣಕ್ಕೆ ಜೀವ ಬರಲಿಲ್ಲ. ಅಂಕಿಗಳು ಇದ್ದುವು, ತೀರ್ಪುಗಳು ಇದ್ದುವು, ಮನುಷ್ಯನೇ ಇರಲಿಲ್ಲ.

ಮನುಷ್ಯನೊಬ್ಬ ಅದೇ ಕೋಣೆಯ ಇನ್ನೊಂದು ಮಂಚದ ಮೇಲೆ ಇದ್ದನು. ಚಾಮರಾಜನಗರದ ಕಡೆಯ ದಲಿತ ಕುಟುಂಬದ ಹುಡುಗ. ತಾಯಿ ಅರಿಸಿನದ ಹೊಲಗಳಲ್ಲಿ ಕೂಲಿ. ಸರ್ಕಾರಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ. ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಗುವವರೆಗೆಂದು ಬಾಡಿಗೆಯ ಕೋಣೆಯನ್ನು ಹಂಚಿಕೊಳ್ಳಲು ಬಂದವನು ಅಲ್ಲಿಯೇ ಉಳಿದುಬಿಟ್ಟಿದ್ದನು. ಇಬ್ಬರೂ ಒಂದು ವರ್ಷ ಒಂದೇ ದೀಪದಡಿ ಓದಿದ್ದರು. ಆದರೆ ಈ ಒಂದು ವಿಷಯ ಮಾತ್ರ ಅವರ ನಡುವೆ ಬಂದಿರಲಿಲ್ಲ. ಅಕ್ಕ ಕೇಳಿದಾಗಲೂ ತಮ್ಮನು 'ಜೊತೆಯವನು ಏನೋ ಓದುತ್ತಾನೆ' ಎಂದು ಹಾರಿಸಿಬಿಟ್ಟಿದ್ದನು.

ಆ ರಾತ್ರಿ ಅವನು ಬಾಯಿಬಿಟ್ಟು ಕೇಳಿದನು. ಗೆಳೆಯ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಮೆಲ್ಲನೆ ಹೇಳತೊಡಗಿದನು. ಊರಿನ ಹೋಟೆಲಿನಲ್ಲಿ ಉಳಿದವರಿಗೆ ಗಾಜಿನ ಲೋಟ, ತನ್ನ ಕೇರಿಯವರಿಗೆ ಕುಡಿದು ಬಿಸಾಡುವ ಕಾಗದದ ಲೋಟ. ಕೇಳಿದರೆ ಶುಚಿತ್ವಕ್ಕಾಗಿ ಎಂಬ ಉತ್ತರ. ಪ್ರವೇಶಪರೀಕ್ಷೆಯ ಅರ್ಜಿಯನ್ನು ಹೇಗೆ ತುಂಬಬೇಕೆಂದು ಕೇಳಲು ಇಡೀ ಕೇರಿಯಲ್ಲಿ ಒಬ್ಬರಿರಲಿಲ್ಲ. ವೈದ್ಯಕೀಯ ಕಾಲೇಜಿನ ಮೊದಲನೆಯ ದಿನವೇ ಬೆಂಚಿನ ಪಕ್ಕದವನು 'ರ‍್ಯಾಂಕ್ ಎಷ್ಟು?' ಎಂದನಂತೆ.

"ಹಾಗೆ ಕೇಳುವವರಿಗೆ ಅಂಕ ಬೇಕಾಗಿಲ್ಲ ಕಣೋ. ಅವರು ಕೇಳುತ್ತಿರುವುದು ಜಾತಿಯನ್ನು. ಒಳಗೆ ಬರುವಾಗ ನನ್ನ ಬಾಗಿಲು ಬೇರೆ ಇದ್ದದ್ದು ನಿಜ. ಆದರೆ ಡಾಕ್ಟರಾಗಿ ಹೊರಗೆ ಹೋಗುವ ಬಾಗಿಲು ಎಲ್ಲರಿಗೂ ಒಂದೇ. ಪಾಸಾಗುವುದಕ್ಕೆ ನನಗೊಂದು ಅಂಕ, ಅವರಿಗೊಂದು ಅಂಕ ಅಂತ ಇಲ್ಲ."

ತುಸು ತಡೆದು ಮತ್ತೆ ಹೇಳಿದನು: "ನಮ್ಮ ಕೇರಿಯ ಆಚೆಗೆ ಇನ್ನೊಂದು ಕೇರಿಯಿದೆ. ಅಲ್ಲಿ ಎಸ್.ಎಸ್.ಎಲ್.ಸಿ. ದಾಟಿದವರೇ ಇಲ್ಲ. ಅವರ ಕಣ್ಣಿಗೆ ನಾನೇ ಮುಂದುವರಿದವನು. ಪರಿಶಿಷ್ಟರಲ್ಲಿಯೂ ಒಳಹಂಚಿಕೆ ಮಾಡಬಹುದೆಂದು 2024ರಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ ನನಗೆ ಮೊದಲು ಸಿಟ್ಟು ಬಂತು. ಆಮೇಲೆ, ಈ ಸಿಟ್ಟನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿತು. ನಿನ್ನ ಮುಖದ ಮೇಲೆ ನೋಡಿದ್ದೆ."

ಹುಡುಗನಿಗೆ ಮಾತು ಹೊರಡಲಿಲ್ಲ.

"ನಿನ್ನ ಅಕ್ಕನ ವಿಷಯ ನನಗೆ ಗೊತ್ತು" ಎಂದನು ಗೆಳೆಯ. "ನೀನು ಫೋನಿನಲ್ಲಿ ಅಮ್ಮನ ಹತ್ತಿರ ಮಾತನಾಡಿದ್ದು ಕಿವಿಗೆ ಬಿತ್ತು. ಅವರು ಎರಡನೆಯ ಸಲ ಬರೆದ ವರ್ಷವೇ ನಾನೂ ಬರೆದದ್ದು. ಆ ಸೀಟು ನನ್ನದೇ ಇರಬಹುದೇನೋ ಅಂತ ಪಟ್ಟಿ ಇಟ್ಟುಕೊಂಡು ಲೆಕ್ಕ ಹಾಕಿದೆ. ಲೆಕ್ಕ ತಾಳೆಯಾಗಲಿಲ್ಲ. ಆದರೂ ಅವತ್ತು ನಿದ್ದೆ ಬರಲಿಲ್ಲ."

ಅನುಕಂಪವೆಂಬ ಶಬ್ದವನ್ನು ಜನರು ಇಂದು ಕನಿಕರವೆಂಬ ಅರ್ಥದಲ್ಲಿ ಬಳಸುತ್ತಾರೆ. ಮೇಲೆ ನಿಂತವನು ಕೆಳಗಿರುವವನಿಗೆ ಎಸೆಯುವ ಕಾಸಿನಂತೆ ಅದು ಸವೆದುಹೋಗಿದೆ. ಶಬ್ದವನ್ನು ಬಿಡಿಸಿ ನೋಡಿದರೆ ಅರ್ಥ ಬೇರೆ. 'ಕಂಪ' ಎಂದರೆ ನಡುಕ. ಇನ್ನೊಬ್ಬ ನಡುಗಿದಾಗ ಅವನೊಡನೆ ತಾನೂ ನಡುಗುವುದು ಅನುಕಂಪ. ಅಲ್ಲಿ ಮೇಲು ಕೀಳುಗಳಿಲ್ಲ. ಎದುರಿನವನಿಗೆ ಅನುಕಂಪ ತೋರಿಸಲು ತಾನು ಮನಸ್ಸು ಮಾಡಬೇಕೆಂದು ಆ ಹುಡುಗ ಹೊರಟಿದ್ದನು. ಎದುರಿನವನು ಆ ಕೆಲಸವನ್ನು ಎಂದೋ ಮಾಡಿ ಮುಗಿಸಿದ್ದನು.

ಬರಿಯ ನಡುಕದಿಂದಲೂ ಕೆಲಸವಾಗದು. ಅನುಕಂಪ ಕೈಗೆ ಇಳಿದಾಗ ಏನಾಗುತ್ತದೆಂಬುದಕ್ಕೆ ಮಂಗಳೂರಿನ ಕುದ್ಮುಲ್ ರಂಗರಾಯರು ಸಾಕ್ಷಿ. ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಅವರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಸ್ವಜನರ ಬಹಿಷ್ಕಾರವನ್ನು ನುಂಗಿಕೊಂಡರು. ತಮ್ಮ ಶಾಲೆಯಲ್ಲಿ ಓದಿದ ಮಗುವೊಂದು ದೊಡ್ಡ ಹುದ್ದೆಗೇರಿ, ಊರ ಬೀದಿಯಲ್ಲಿ ಕಾರಿನಲ್ಲಿ ಹೋಗಬೇಕು, ಅದರ ಚಕ್ರದ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಹಂಬಲವಾಗಿತ್ತು. ಪಕ್ಕದವನು ಮೇಲೇರಿದರೆ ತಾನು ಕೆಳಗಿಳಿದೆನೆಂಬ ಲೆಕ್ಕ ಆ ಹಂಬಲದಲ್ಲಿಲ್ಲ. ಆದರೆ ರಂಗರಾಯರು ತೆತ್ತುದು ತಮ್ಮ ಸ್ವಂತ ಗಂಟಿನಿಂದ. ಇನ್ನೊಬ್ಬರ ಮಗಳು ತೆತ್ತ ಬೆಲೆಗೆ ತಾನು ಉದಾರಿಯೆನಿಸಿಕೊಳ್ಳುವುದು ಸುಲಭ. ಅನುಕಂಪಕ್ಕೆ ನ್ಯಾಯದ ತಕ್ಕಡಿಯೂ ಬೇಕಾಗುವುದು ಇಲ್ಲಿಯೇ. ಸೀಟುಗಳು ಬೆರಳೆಣಿಕೆಯಷ್ಟು, ಕೈಚಾಚಿದವರು ಲಕ್ಷೋಪಲಕ್ಷವಾಗಿರುವ ತನಕ, ಹೇಗೆ ಹಂಚಿದರೂ ಯಾವುದೋ ಮನೆಯ ಚಿತ್ರಪಟ ಅಟ್ಟ ಸೇರುತ್ತದೆ. ವಿದ್ಯೆಯನ್ನು ಹರಡಬೇಕೆಂದ ದಿವಾನರ ಮಾತೂ, ಕಟ್ಟು ಬಿಚ್ಚಬೇಕೆಂದ ಮಹಾರಾಜರ ಮಾತೂ ಒಂದನ್ನೊಂದು ಕಳೆಯುವ ಮಾತುಗಳಲ್ಲ.

ಸ್ಪರ್ಧೆಯ ದಿನ ಹುಡುಗ ಅಬ್ಬರಿಸಲಿಲ್ಲ. 'ಪರ'ವಾಗಿ ಹೇಳಬೇಕಾದುದನ್ನೆಲ್ಲ ಹೇಳಿದನು. ಕೊನೆಯಲ್ಲಿ, ಇದರಿಂದ ನೊಂದ ಮನೆಗಳೂ ಉಂಟೆಂಬುದನ್ನು ಮುಚ್ಚಿಟ್ಟು ವಾದ ಗೆಲ್ಲಲು ತನಗೆ ಇಷ್ಟವಿಲ್ಲವೆಂದನು. ತೀರ್ಪುಗಾರರೊಬ್ಬರು ಅದನ್ನು ವಾದದ ದೋಷವೆಂದು ಅಂಕ ಕಳೆದರು. ಬಹುಮಾನ ಬರಲಿಲ್ಲ. ಅಧ್ಯಾಪಕರು ಮಾತ್ರ ಬೆನ್ನು ತಟ್ಟಿ, "ಕಕ್ಷಿಗಾರ ಉಳಿದುಕೊಂಡ" ಎಂದರು.

ಆ ವಾರ ಊರಿಗೆ ಹೋದಾಗ ಅವನು ಅಕ್ಕನಿಗೆ ಎಲ್ಲವನ್ನೂ ಹೇಳಿದನು. ಜೊತೆಯವನು ಏನು ಓದುತ್ತಾನೆಂಬುದನ್ನೂ ಹೇಳಿದನು. ಬಿ.ಎಸ್ಸಿ.ಯ ಪ್ರಯೋಗದ ಪುಸ್ತಕ ಬರೆಯುತ್ತಿದ್ದ ಅವಳ ಕೈ ನಿಂತಿತು.

"ಹಾಗಾದರೆ ನನಗಾದದ್ದು ಅನ್ಯಾಯವಲ್ಲ ಅಂತೀಯಾ?"

"ನಿನಗಾದದ್ದು ನೋವು. ಅದು ಸುಳ್ಳು ಅಂತ ಯಾರೂ ಹೇಳಲಾರರು. ಆದರೆ ಅದನ್ನು ಕೊಟ್ಟವನು ಅವನಲ್ಲ, ಅಕ್ಕ."

ಅವಳು ಒಪ್ಪಲಿಲ್ಲ. ಬಹಳ ಹೊತ್ತು ವಾದಿಸಿದಳು. ಅವಳ ಕೆಲವು ಪ್ರಶ್ನೆಗಳಿಗೆ ತಮ್ಮನಲ್ಲಿ ಉತ್ತರವಿರಲಿಲ್ಲ. ಇದೆಯೆಂದು ಅವನು ನಟಿಸಲೂ ಇಲ್ಲ. ಕೊನೆಗೆ ಅವಳು ಪುಸ್ತಕ ಮುಚ್ಚಿದಳು.

"ನನ್ನ ಪಕ್ಷವನ್ನು ನೀನು ಅವನಿಗೆ ಹೇಳಿದ್ದೀಯೆ. ಅವನ ಪಕ್ಷವನ್ನು ನನಗೆ ಹೇಳುತ್ತಿದ್ದೀಯೆ. ನಡುವೆ ನೀನೇಕೆ? ಅವನನ್ನೇ ಕರೆದುಕೊಂಡು ಬಾ. ನನ್ನ ಮಾತನ್ನು ಅವನೆದುರಿಗೆ ನಾನೇ ಹೇಳುತ್ತೇನೆ. ಅವನ ಮಾತನ್ನೂ ಕೇಳುತ್ತೇನೆ. ಊಟಕ್ಕೇ ಬರಲಿ."

ಒಳಗಿನ ಕೋಣೆಯಲ್ಲಿ ಪತ್ರಿಕೆಯ ಹಾಳೆ ಮಗುಚುವ ಸದ್ದು ನಿಂತಿತು. ಬೇರೆ ಜಾತಿಯ ಅತಿಥಿ ಆ ಮನೆಯ ಊಟದ ಸಾಲಿನಲ್ಲಿ ಕುಳಿತದ್ದು ಅದುವರೆಗೆ ಇರಲಿಲ್ಲ. ಅಕ್ಕ ತಮ್ಮ ಇಬ್ಬರೂ ಬಾಗಿಲ ಕಡೆ ನೋಡಿದರು. ತಂದೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಅಲ್ಲಿಂದಲೇ ಕೇಳಿದರು:

"ಯಾವ ಭಾನುವಾರ?"