ದುಂಬಿಯ ದನಿಯೂ ಪೈರಿನ ಫಲವೂ

ಹಕ್ಕಿಯ ಕೂಗನ್ನೋ ಕೀಟದ ಝೇಂಕಾರವನ್ನೋ ಯಂತ್ರದ ಮೂಲಕ ಹೊಲದಲ್ಲಿ ಕೇಳಿಸಿದರೆ ಪೈರು ಹುಲುಸಾಗುವುದೆಂಬ ಮಾತು ಆಗಾಗ ರೈತರ ಕಿವಿಗೆ ಬೀಳುತ್ತದೆ. ಹಣ ತೆರುವ ಮುನ್ನ ಇದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ವಿವೇಚಿಸುವುದು ಉಚಿತ.

ಅಣ್ಣಾಮಲೈ ವಿಶ್ವವಿದ್ಯಾನಿಲಯದ ಟಿ.ಸಿ.ಎನ್. ಸಿಂಗ್ ಅವರು 1950ರ ದಶಕದಲ್ಲಿ ಸಂಗೀತದಿಂದ ಸಸ್ಯಗಳು ಹೆಚ್ಚು ಬೆಳೆದವೆಂದು ವರದಿ ಮಾಡಿದರು. ಆದರೆ ಅದು ಸರ್ವಸಮ್ಮತವಾದ ಬೇಸಾಯ ಪದ್ಧತಿಯಾಗಿ ನೆಲೆನಿಲ್ಲಲಿಲ್ಲ. 2019ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾನಿಲಯದ ಲಿಲಾಕ್ ಹದನಿ ಮತ್ತು ಸಂಗಡಿಗರು, ಹಾರುವ ಜೇನಿನ ದನಿ ಕೇಳಿಸಿದ 3 ನಿಮಿಷಗಳಲ್ಲಿ ಒಂದು ಜಾತಿಯ ಹಳದಿ ಹೂವು ಮಕರಂದದ ಸಿಹಿಯನ್ನು ಹೆಚ್ಚಿಸಿಕೊಂಡುದನ್ನು ತೋರಿಸಿದರು. ಅದು ವಿಸ್ಮಯವೇ ಸರಿ. ಆದರೆ ಆ ಗಿಡ ಆಹಾರದ ಬೆಳೆಯಲ್ಲ.

ಪ್ರತ್ಯಕ್ಷ ಪ್ರಮಾಣ ನಮ್ಮ ಹಿತ್ತಲಿನಲ್ಲಿಯೇ ಇದೆ. ಬದನೆಯ ಪರಾಗಕೋಶವು ತುದಿಯಲ್ಲಿ ಮಾತ್ರ ಕಿಂಡಿಯುಳ್ಳ ಕೊಳವೆ. ನೀಲಿಪಟ್ಟೆಯ ಒಂಟಿಜೇನು ಅಥವಾ ಮರ ಕೊರೆಯುವ ಕರಿದುಂಬಿ ಹೂವನ್ನಪ್ಪಿ ಮೈನಡುಗಿಸಿ ಝೇಂಕರಿಸಿದಾಗ ಆ ಕಂಪನಕ್ಕೆ ಪರಾಗ ಉದುರುತ್ತದೆ, ಕಾಯಿ ಚೆನ್ನಾಗಿ ಕಚ್ಚುತ್ತದೆ. ಟೊಮ್ಯಾಟೊ ಹೂವಿಗೂ ಇದು ಸಹಕಾರಿ. ತುಡುವೆ ಜೇನಿಗೆ ಈ ವಿದ್ಯೆ ಸಾಧಿಸಿಲ್ಲ.

ಎನ್. ಬೇಗೂರಿನಂತಹ ಬಂಡೀಪುರದ ಕಾಡಂಚಿನ ಊರುಗಳಿಗೆ ಜೇನಿನ ದನಿ ಇನ್ನೊಂದು ಬಗೆಯಲ್ಲಿಯೂ ಮುಖ್ಯ. ಜೇನಿನ ಸದ್ದು ಕೇಳಿದ ಆನೆಗಳು ಹಿಮ್ಮೆಟ್ಟುವುದನ್ನು 2007ರಲ್ಲಿ ಲೂಸಿ ಕಿಂಗ್ ಮತ್ತು ಸಂಗಡಿಗರು ಕೀನ್ಯಾದಲ್ಲಿ ದಾಖಲಿಸಿದರು. 2021ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕೊಡಗಿನ ಕಾಡಂಚಿನಲ್ಲಿ ಜೇನುಪೆಟ್ಟಿಗೆಗಳ ಬೇಲಿಯ ಪ್ರಯೋಗವನ್ನು ಆರಂಭಿಸಿತು. ಆದರೆ ಎಲ್ಲ ಆನೆಗಳೂ ಎಲ್ಲ ಕಾಲದಲ್ಲಿಯೂ ಅಂಜುತ್ತವೆಂದು ನಂಬಿ ರಾತ್ರಿಯ ಕಾವಲನ್ನು ಬಿಡುವಂತಿಲ್ಲ.

ರಾಗಿಗೆ ದುಂಬಿಯ ಹಂಗಿಲ್ಲ. ಆದರೆ ಅದರ ನಡುವೆ ಅಕ್ಕಡಿಯಾಗಿ ಬಿತ್ತುವ ಹುಚ್ಚೆಳ್ಳು ಕಾಳು ಕಟ್ಟಲು ಜೇನು ಬೇಕೇ ಬೇಕು. ಹೀಗಿರುವಾಗ ಹೂವರಳಿದ ಮುಂಜಾನೆ ಹೊಲಕ್ಕೆ ವಿಷ ಸಿಂಪಡಿಸುವುದು ನಮ್ಮ ಬೆಳೆಯ ಬುಡಕ್ಕೆ ನಾವೇ ಕೊಡಲಿಯಿಟ್ಟಂತೆ. ಔಷಧಿ ಅನಿವಾರ್ಯವಾದರೆ ಜೇನು ಗೂಡು ಸೇರಿದ ಸಂಜೆಯಲ್ಲಿ ಹೊಡೆಯಬೇಕು. ಬದುವಿನಲ್ಲಿ ಹುಚ್ಚೆಳ್ಳನ್ನೋ ತುಳಸಿಯನ್ನೋ ಬೆಳೆಸಬೇಕು. ಕರಿದುಂಬಿಗೆ ಒಣಮರ, ಒಂಟಿಜೇನಿಗೆ ಅಗೆಯದ ಮಣ್ಣು ಉಳಿಯಬೇಕು. ದುಂಬಿಯ ದನಿಯನ್ನು ಯಂತ್ರದಲ್ಲಿ ತುಂಬಿ ತರುವುದಕ್ಕಿಂತ, ದುಂಬಿಯೇ ಹೊಲದಲ್ಲಿ ಬಾಳುವಂತೆ ನೋಡಿಕೊಳ್ಳುವುದು ಗೃಹಸ್ಥರಿಗೆ ಸುಲಭವೂ ಹೌದು, ಶ್ರೇಯಸ್ಕರವೂ ಹೌದು.