ಹದಿನಾರು ಮನೆಯಲ್ಲಿ ಹಿಡಿಯದ ಕಂಪ್ಲಿ

ಮಕ್ಕಳೇ, ಬ್ಯಾಂಕಿನಲ್ಲಿ ಕೈಯಿಂದ ಲೆಡ್ಜರ್ ಬರೆದವರಿಗೆಲ್ಲ ಗೊತ್ತು, ಹೆಸರಿನ ಕಾಲಂ ಅಗಲ ಇಷ್ಟೇ ಎಂದು. ಉದ್ದ ಹೆಸರನ್ನು ಲಕ್ಷ್ಯವಿಲ್ಲದೆ ಬರೆಯುತ್ತ ಹೋದರೆ ಅದು ಪಕ್ಕದ ಮೊತ್ತದ ಕಾಲಂಗೆ ನುಗ್ಗುತ್ತದೆ, ಸಂಜೆ ಲೆಕ್ಕ ತಾಳೆಯಾಗುವುದಿಲ್ಲ. ಆದರೆ ಗುಮಾಸ್ತನಿಗೆ ಕಣ್ಣಿದೆ. ಗೆರೆ ಕಂಡಾಗ ಕೈ ನಿಲ್ಲುತ್ತದೆ. ಕಂಪ್ಯೂಟರಿನ ಸಿ ಭಾಷೆಗೆ ಆ ಗೆರೆ ಕಾಣುವುದಿಲ್ಲ.

ಸಿ ಭಾಷೆಯಲ್ಲಿ ಒಂದು ಹೆಸರೆಂದರೆ ಸಾಲಾಗಿ ನಿಂತ ಪುಟ್ಟ ಮನೆಗಳು. ಒಂದು ಮನೆಗೆ ಒಂದು ಬೈಟ್. ಹೆಸರು ಮುಗಿಯಿತು ಎಂದು ತಿಳಿಸಲು ಕೊನೆಯ ಮನೆಯಲ್ಲಿ ಸೊನ್ನೆ. ‘ಸ್ಟರ್‌ಕಾಪಿ’ ಎಂಬ ಹಳೆಯ ಆಜ್ಞೆ ಆ ಸೊನ್ನೆ ಸಿಗುವವರೆಗೂ ನಕಲು ಮಾಡುತ್ತಲೇ ಇರುತ್ತದೆ. ಜಾಗ ಎಷ್ಟಿದೆ ಎಂದು ಕೇಳುವುದಿಲ್ಲ. ಜಾಗ ಮುಗಿದರೆ ಪಕ್ಕದ ಮನೆಗಳ ಮೇಲೆ ಬರೆಯುತ್ತದೆ. ಜಲಾಶಯದಿಂದ ನೀರು ಹೆಚ್ಚು ಬಿಟ್ಟಾಗ ತುಂಗಭದ್ರೆ ನಮ್ಮ ಕಂಪ್ಲಿ ಸೇತುವೆಯ ಮೇಲೇ ಹರಿದು ಗದ್ದೆಗೆ ನುಗ್ಗುತ್ತಾಳಲ್ಲ, ಗದ್ದೆ ಯಾರದೆಂದು ವಿಚಾರಿಸುವಳೇ? ಇದೇ ಬಫರ್ ಓವರ್‌ಫ್ಲೋ.

1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಪ್ರೋಗ್ರಾಂ ಹಲವು ಕಂಪ್ಯೂಟರುಗಳಿಗೆ ನುಗ್ಗಿದ್ದು ಇಂಥ ದಾರಿಯಿಂದಲೂ ಹೌದು. 512 ಬೈಟಿನ ಜಾಗಕ್ಕೆ 536 ಬೈಟ್ ಸುರಿದಿತ್ತು. ಹೊರಚೆಲ್ಲಿದ್ದು, ಕಂಪ್ಯೂಟರು ಮುಂದೆ ಎಲ್ಲಿಗೆ ಹೋಗಬೇಕೆಂಬ ವಿಳಾಸವನ್ನೇ ಬದಲಿಸಿತು. ಅಲ್ಲಿ ಮೋಸಹೋದ ‘ಗೆಟ್ಸ್’ ಆಜ್ಞೆಯನ್ನು ಸಿ ಭಾಷೆಯಿಂದ ತೆಗೆದದ್ದು 2011ರಲ್ಲಿ. ಇಪ್ಪತ್ಮೂರು ವರ್ಷ!

ಈಗ ಕನ್ನಡಕ್ಕೆ ಬನ್ನಿ. ಇಂಗ್ಲಿಷಿನಲ್ಲಿ ಕಂಪ್ಲಿ ಬರೆಯಲು ಆರು ಅಕ್ಷರ, ಸೊನ್ನೆ ಸೇರಿ ಏಳು ಮನೆ. ಊರಿನ ಹೆಸರಿಗೆ 16 ಮನೆ ಧಾರಾಳ ಎಂದು ಯಾರಿಗಾದರೂ ಅನಿಸುತ್ತದೆ. ಕನ್ನಡದಲ್ಲಿ ನಾವು ಎರಡೇ ಅಕ್ಷರ ಎನ್ನುತ್ತೇವೆ. ಕಂಪ್ಯೂಟರು ಮಾತ್ರ ಕ, ಅನುಸ್ವಾರ, ಪ, ಹಲಂತ, ಲ, ಗುಡಿಸು ಎಂದು ಆರು ತುಂಡು ಎಣಿಸುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ತುಂಡಿಗೂ ಮೂರು ಬೈಟ್. ಹದಿನೆಂಟಾಯಿತು, ಸೊನ್ನೆ ಸೇರಿ 19. ಸಂಡೂರಿಗೂ 19. ಹೊಸಪೇಟೆಗೆ 22. ಹಂಪಿ ಮಾತ್ರ 13ರಲ್ಲಿ ಹಾಯಾಗಿ ಕೂರುತ್ತದೆ. ಹಂಪಿ ಹಾಕಿ ನೋಡಿ ‘ಸರಿಯಿದೆ’ ಎಂದ ಪ್ರೋಗ್ರಾಂ ಕಂಪ್ಲಿ ಬಂದೊಡನೆ ಗೆರೆ ದಾಟುತ್ತದೆ.

‘ಸ್ಟರ್‌ಎನ್‌ಕಾಪಿ’ ಬಳಸಿ ಎನ್ನುವವರಿದ್ದಾರೆ. ನನಗದು ಅರೆಬರೆ ಕೆಲಸ. ಕೊಟ್ಟ ಅಳತೆ ಮೀರುವುದಿಲ್ಲ, ನಿಜ. ಆದರೆ ಹೆಸರು ಉದ್ದವಾದರೆ ಕೊನೆಯ ಸೊನ್ನೆಯನ್ನೇ ಇಡುವುದಿಲ್ಲ. ಆಮೇಲೆ ಓದುವ ಆಜ್ಞೆ ಗೆರೆ ದಾಟಿ ಓದುತ್ತದೆ. ‘ಎಸ್‌ಎನ್‌ಪ್ರಿಂಟ್‌ಎಫ್’ ವಾಸಿ. ಜಾಗದ ಅಳತೆ ಹೇಳಿ, ಹೆಸರನ್ನು ‘ಪರ್ಸೆಂಟ್ ಎಸ್’ ಗುರುತಿನ ಮೂಲಕ ಕೊಟ್ಟರೆ, ಅಷ್ಟರಲ್ಲೇ ಬರೆದು ಸೊನ್ನೆ ಇಡುತ್ತದೆ. ಸೊನ್ನೆ ಬಿಟ್ಟು ಎಷ್ಟು ಬೇಕಿತ್ತು ಎಂಬುದನ್ನೂ ತಿಳಿಸುತ್ತದೆ: ಕಂಪ್ಲಿಗೆ 18. ಉತ್ತರ 16 ಅಥವಾ ಹೆಚ್ಚು ಬಂದರೆ ಹೆಸರು ತುಂಡಾಯಿತೆಂದೇ ಲೆಕ್ಕ.

ಆ ಉತ್ತರವನ್ನು ನೋಡದೆ ಬಿಟ್ಟರೆ? 16 ಮನೆಯಲ್ಲಿ ಉಳಿಯುವುದು ‘ಕಂಪ್ಲ’, ಹತ್ತರಲ್ಲಿ ‘ಕಂಪ’. 12 ಕೊಟ್ಟರಂತೂ ಒಂದು ತುಂಡಿನ ನಡುವೆಯೇ ಕತ್ತರಿ ಬಿದ್ದು, ಪರದೆಯಲ್ಲಿ ಒಡೆದ ಗುರುತು ಕಾಣಬಹುದು. ಊರಿನ ಹೆಸರಾದರೆ ನಕ್ಕು ಸುಮ್ಮನಾಗಬಹುದು. ಬಾಲ ಕತ್ತರಿಸಿದ ಹೆಸರಿನ ಕಾಗದ ಹಿಡಿದು, ಇನ್ನೊಂದು ಕಾಗದದೊಂದಿಗೆ ಹೊಂದಲಿಲ್ಲವೆಂದು ಪಿಂಚಣಿಗಾಗಿ ಕೌಂಟರಿನಿಂದ ಕೌಂಟರಿಗೆ ಅಲೆಯುವ ಅಜ್ಜಿಗೆ ನಗು ಬರುವುದಿಲ್ಲ.

ನಿಮ್ಮ ಹೆಸರಿಗೆ ಎಷ್ಟು ಮನೆ ಬೇಕು? ಅಕ್ಷರ, ಕಾಗುಣಿತದ ಗುರುತು, ಅನುಸ್ವಾರ, ಪ್ರತಿ ಒತ್ತಿಗೂ ಒಂದು ಹಲಂತ, ಎಲ್ಲವನ್ನೂ ಎಣಿಸಿ. ಮೂರರಿಂದ ಗುಣಿಸಿ, ಒಂದು ಕೂಡಿಸಿ. ಚೆನ್ನಬಸಮ್ಮ ಎಂದಿದ್ದರೆ 31 ಬರಬೇಕು.